ಮಳೆ ನೀರಿಗೆ ಯಾವ ಪೈಪ್ ಹಾಕಿಸಬೇಕು? ಅಂಗಡಿಗೆ ಹೋಗುವ ಮುಂಚೆ ಇಷ್ಟು ನೋಡಿಕೊಳ್ಳಿ

ಏಪ್ರಿಲ್ ಬಂತೆಂದರೆ ಈ ಪ್ರಶ್ನೆ ಶುರುವಾಗುತ್ತದೆ. "ಮನೆ ಸುತ್ತ ನೀರು ನಿಲ್ಲುತ್ತೆ, ಹೊರಗೆ ಹಾಕೋಕೆ ಯಾವ ಪೈಪ್ ಒಳ್ಳೇದು? ನಾಲ್ಕಿಂಚು ಸಾಕಾ? ಸಿಮೆಂಟ್ ಪೈಪ್ ಹಾಕಿಸಲಾ, ಪಿವಿಸಿ ಹಾಕಿಸಲಾ?" ಕೇಳುವವರಲ್ಲಿ ಬೆಂಗಳೂರಿನ 30x40 ಸೈಟಿನವರಿದ್ದಾರೆ, ತೀರ್ಥಹಳ್ಳಿ ಕಡೆಯ ತೋಟದ ಮನೆಯವರಿದ್ದಾರೆ, ಗದಗ, ಹುಬ್ಬಳ್ಳಿ ಕಡೆ ಎರೆ ಮಣ್ಣಿನಲ್ಲಿ ಮನೆ ಕಟ್ಟಿದವರಿದ್ದಾರೆ. ಎಲ್ಲರಿಗೂ ಒಂದೇ ಪೈಪ್ ಹೇಳಲು ಬರುವುದಿಲ್ಲ. ಆದರೆ ಆರಿಸುವ ಕ್ರಮ ಎಲ್ಲರಿಗೂ ಒಂದೇ. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲೇ ಒಂದು ಮಾತು. ನಾವೆಲ್ಲ ಪೈಪಿನ ಒಳಗೆ ಹರಿಯುವ ನೀರಿನ ಬಗ್ಗೆಯೇ ಯೋಚಿಸುತ್ತೇವೆ. ಮಳೆ ನೀರಿನ ಪೈಪ್ ಆ ನೀರಿನಿಂದ ಹಾಳಾಗುವುದು ಕಡಿಮೆ. ಅದು ಹಾಳಾಗುವುದು ಮೇಲೆ ಹತ್ತುವ ಗಾಡಿಯಿಂದ, ಸುತ್ತ ಇರುವ ಮಣ್ಣಿನಿಂದ, ಕೆಳಗೆ ಮರಳು ಹಾಸದೇ ಬಿಟ್ಟದ್ದರಿಂದ. ಹಾಗಾಗಿ "ಎಷ್ಟು ಇಂಚು" ಅನ್ನುವುದಕ್ಕೆ ಎಷ್ಟು ತಲೆ ಕೆಡಿಸಿಕೊಳ್ಳುತ್ತೀರೋ, "ಇದರ ಮೇಲೆ ಏನು ಓಡಾಡುತ್ತೆ, ಇದು ಎಂಥ ಮಣ್ಣಲ್ಲಿ ಮಲಗುತ್ತೆ" ಅನ್ನುವುದಕ್ಕೆ ಅದರ ಎರಡರಷ್ಟು ಕೆಡಿಸಿಕೊಳ್ಳಿ.

ಬೇಕಾದ್ದು ಹೆಚ್ಚೇನಿಲ್ಲ. ಅಳತೆ ಟೇಪು, ಒಂದು ಗುದ್ದಲಿ, ಬರೆದುಕೊಳ್ಳಲು ಹಾಳೆ, ಮತ್ತೆ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ನೀರು ತುಂಬಿದ ಟ್ಯೂಬ್. ಇವಿಷ್ಟು ಇದ್ದರೆ ಅರ್ಧ ದಿನದಲ್ಲಿ ಮೊದಲ ನಾಲ್ಕು ಹಂತ ಮುಗಿಯುತ್ತವೆ.

ಹಂತ 1: ನೀರು ಕೊನೆಗೆ ಎಲ್ಲಿಗೆ ಹೋಗಬೇಕು?

ಪೈಪಿನ ಬಾಯಿ ಎಲ್ಲಿ ತೆರೆಯುತ್ತದೆ ಅನ್ನುವುದು ಗೊತ್ತಾಗದೆ ಒಂದು ಅಡಿಯೂ ಅಗೆಯಬೇಡಿ. ರಸ್ತೆ ಬದಿಯ ಚರಂಡಿಗಾ, ಇಂಗು ಗುಂಡಿಗಾ, ತೋಟದ ಬಸಿಗಾಲುವೆಗಾ, ಸಂಪಿಗಾ? ಆ ಜಾಗ ನಿಮ್ಮ ಅಂಗಳಕ್ಕಿಂತ ಎಷ್ಟು ಕೆಳಗಿದೆ ಎಂದು ಟ್ಯೂಬ್ ಹಿಡಿದು ನೋಡಿ. ರಸ್ತೆಗೆ ಮೇಲಿಂದ ಮೇಲೆ ಡಾಂಬರು ಹಾಕಿ ಹಾಕಿ ಎಷ್ಟೋ ಬಡಾವಣೆಗಳಲ್ಲಿ ಚರಂಡಿಯೇ ಅಂಗಳಕ್ಕಿಂತ ಎತ್ತರಕ್ಕೆ ಬಂದಿದೆ. ಅಲ್ಲಿ ಎಂಥ ಒಳ್ಳೆ ಪೈಪ್ ಹಾಕಿದರೂ ನೀರು ಹಿಂದಕ್ಕೇ ಬರುತ್ತದೆ. ಅಂಥ ಕಡೆ ಇಂಗು ಗುಂಡಿಯೋ, ಸಂಪು ಮತ್ತು ಮೋಟಾರೋ ಮಾಡಿಕೊಳ್ಳುವುದು ವಾಸಿ.

ಎಚ್ಚರಿಕೆ: ಮಳೆ ನೀರನ್ನು ಯುಜಿಡಿಗೆ, ಅಂದರೆ ಕಕ್ಕಸು ಬಚ್ಚಲಿನ ನೀರು ಹೋಗುವ ಒಳಚರಂಡಿಗೆ, ಯಾವತ್ತೂ ಜೋಡಿಸಬೇಡಿ. ಆ ಪೈಪುಗಳನ್ನು ಅಷ್ಟು ನೀರಿಗೆ ಅಂತ ಹಾಕಿರುವುದಿಲ್ಲ. ಜೋರು ಮಳೆಯಲ್ಲಿ ಅದು ತುಂಬಿ, ತಗ್ಗಿನಲ್ಲಿರುವ ಇನ್ನೊಬ್ಬರ ಬಚ್ಚಲಿನಿಂದ ಮೇಲೆ ಉಕ್ಕುತ್ತದೆ. ಹಾಗೆ ಜೋಡಿಸುವುದಕ್ಕೆ ಅನುಮತಿಯೂ ಇಲ್ಲ. ರಸ್ತೆ ಚರಂಡಿಗೆ ಬಿಡುವುದಾದರೆ ಪಂಚಾಯಿತಿಯಲ್ಲೋ ಪುರಸಭೆಯಲ್ಲೋ ಮೊದಲೇ ಕೇಳಿಕೊಳ್ಳಿ. ಬೆಂಗಳೂರಿನಲ್ಲಿ 30x40 ಸೈಟಿನ ಹೊಸ ಮನೆಗೂ ಮಳೆ ನೀರು ಕೊಯ್ಲು ಕಡ್ಡಾಯ. ಹಾಗಾಗಿ ಅಲ್ಲಿ ಪೈಪ್ ಮೊದಲು ಹೋಗಬೇಕಾದದ್ದು ಸಂಪಿಗೆ ಅಥವಾ ಇಂಗು ಗುಂಡಿಗೆ, ಹೆಚ್ಚಾದದ್ದು ಮಾತ್ರ ರಸ್ತೆಗೆ.

ಹಂತ 2: ಎಷ್ಟು ನೀರು, ಎಷ್ಟು ಇಂಚು?

ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 30x40 ಅಂದರೆ 1200 ಚದರಡಿ, ಸುಮಾರು 111 ಚದರ ಮೀಟರ್. ಗಂಟೆಗೆ 60 ಮಿ.ಮೀ. ಸುರಿದರೆ ಅಷ್ಟು ತಾರಸಿಯಿಂದಲೇ ಒಂದು ಗಂಟೆಗೆ 6,600 ಲೀಟರ್ ಇಳಿಯುತ್ತದೆ. ಬೆಂಗಳೂರಿನವರಿಗೆ ಗೊತ್ತಿರುವ 6,000 ಲೀಟರ್ ಟ್ಯಾಂಕರ್‌ಗಿಂತ ಜಾಸ್ತಿ.

ಪೈಪಿನ ಲೆಕ್ಕಕ್ಕೆ ನಾನು ಗಂಟೆಗೆ 100 ಮಿ.ಮೀ. ಹಿಡಿಯುತ್ತೇನೆ. ಇಡೀ ಗಂಟೆ ಹಾಗೆ ಸುರಿಯದಿದ್ದರೂ ಹತ್ತು ಹದಿನೈದು ನಿಮಿಷ ಆ ರಭಸದಲ್ಲಿ ಸುರಿಯುವುದು ನಮ್ಮಲ್ಲಿ ಹೊಸದಲ್ಲ, ಮತ್ತು ನೀರು ಒಳಗೆ ನುಗ್ಗುವುದು ಆ ಹತ್ತು ನಿಮಿಷದಲ್ಲೇ. ಆಗ ಸೂತ್ರ ಹೀಗೆ: ಚದರ ಮೀಟರ್ ಅನ್ನು 36ರಿಂದ ಭಾಗಿಸಿ, ಸೆಕೆಂಡಿಗೆ ಎಷ್ಟು ಲೀಟರ್ ಅಂತ ಸಿಗುತ್ತದೆ. 111 ಚದರ ಮೀಟರಿಗೆ ಸೆಕೆಂಡಿಗೆ 3 ಲೀಟರ್ ಚಿಲ್ಲರೆ.

ಈಗ ಪೈಪ್. 100ಕ್ಕೆ 1ರ ವಾಟದಲ್ಲಿ, ಅಂದರೆ ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರಿನಲ್ಲಿ, ಒಳಗೆ ನಯವಾಗಿರುವ 110 ಮಿ.ಮೀ. ಪ್ಲಾಸ್ಟಿಕ್ ಪೈಪ್ (ಅಂಗಡಿಯ ನಾಲ್ಕಿಂಚು) ತುಂಬಿ ಹರಿದಾಗ ಸೆಕೆಂಡಿಗೆ 6ರಿಂದ 7 ಲೀಟರ್ ಒಯ್ಯುತ್ತದೆ. 160 ಮಿ.ಮೀ. (ಆರಿಂಚು) ಅದೇ ವಾಟದಲ್ಲಿ 18ರಿಂದ 20 ಲೀಟರ್. ನೋಡಿ, ಎರಡಿಂಚು ಹೆಚ್ಚಾದರೆ ನೀರು ಹೆಚ್ಚುಕಡಿಮೆ ಮೂರು ಪಟ್ಟು. ಹಾಗಾಗಿ ತಾರಸಿಯಿಂದ ಇಳಿಯುವ ಪೈಪ್ 110 ಇರಲಿ, ಆದರೆ ಎರಡು ಮೂರು ಪೈಪ್ ಬಂದು ಸೇರುವ ನೆಲದ ಮುಖ್ಯ ಲೈನು 160 ಇರಲಿ ಅನ್ನುವುದು ನನ್ನ ಅಭಿಪ್ರಾಯ. ಎಲೆ, ಹೂಳು, ಅಂಗಳದ ನೀರು ಎಲ್ಲ ಲೆಕ್ಕಕ್ಕೆ ಬರುತ್ತದಲ್ವಾ?

ಮಲೆನಾಡು, ಕರಾವಳಿಯವರಿಗೆ ಬೇರೆ ಮಾತು. ಬೆಂಗಳೂರಿನಲ್ಲಿ ವರ್ಷಕ್ಕೆ 1,000 ಮಿ.ಮೀ. ಆಸುಪಾಸು ಮಳೆಯಾದರೆ ಆಗುಂಬೆಯಲ್ಲಿ 7,000 ದಾಟುತ್ತದೆ. ಮನೆಯ ಮಾಡಿನ ನೀರಿಗೆ ಪೈಪ್ ಸರಿ. ಆದರೆ ಹಿಂದಿನ ಧರೆಯಿಂದ, ಗುಡ್ಡದಿಂದ ಇಳಿದು ಬರುವ ನೀರನ್ನು ಪೈಪಿಗೆ ಹಾಕಲು ಹೋಗಬೇಡಿ. ಅದರ ಜೊತೆ ಮಣ್ಣು, ಕಲ್ಲು, ಕೊಂಬೆ ಎಲ್ಲ ಬರುತ್ತದೆ. ಅದಕ್ಕೆ ತೆರೆದ ಕಾಲುವೆಯೇ ಸರಿ, ಕೈ ಹಾಕಿ ತೆಗೆಯಬಹುದು.

ಹಂತ 3: ಮೇಲೆ ಏನು ಓಡಾಡುತ್ತದೆ?

ನಕ್ಷೆಯ ಮೇಲೆ ಪೈಪಿನ ದಾರಿ ಎಳೆದು ಅದನ್ನು ಮೂರು ಬಣ್ಣದಲ್ಲಿ ಗುರುತು ಮಾಡಿ. ಜನ ಮಾತ್ರ ನಡೆಯುವ ಜಾಗ, ಕಾರು ನಿಲ್ಲುವ ಜಾಗ, ಲಾರಿ ಹತ್ತಬಹುದಾದ ಜಾಗ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. "ನಮ್ಮನೆಗೆ ಲಾರಿ ಎಲ್ಲಿ ಬರುತ್ತೆ" ಅನ್ನುತ್ತಾರೆ. ನೀರಿನ ಟ್ಯಾಂಕರ್ ಬರುತ್ತದೆ, ಬೋರ್‌ವೆಲ್ ಗಾಡಿ ಬರುತ್ತದೆ, ಪಕ್ಕದ ಸೈಟಿಗೆ ಜಲ್ಲಿ ತಂದ ಲಾರಿ ನಿಮ್ಮ ಗೇಟಿನ ಮುಂದೆ ರಿವರ್ಸ್ ತೆಗೆದುಕೊಳ್ಳುತ್ತದೆ.

ನಮ್ಮ ಮನೆಯಲ್ಲೇ ಆದದ್ದು. ಗೇಟಿನ ಕೆಳಗೆ ತೆಳು ಪೈಪ್ ಹಾಕಿದ್ದರು, ಎರಡನೇ ಮಳೆಗಾಲಕ್ಕೆ ನೀರು ಹಿಂದೆ ನಿಂತಿತು. ಅಗೆದು ನೋಡಿದರೆ ದುಂಡಗಿದ್ದ ಪೈಪ್ ಎರಡು ಬೆರಳಿನಷ್ಟು ಸಂದಿ ಬಿಟ್ಟು ಚಪ್ಪಟೆಯಾಗಿತ್ತು. ಆ ಸಂದಿಯಲ್ಲಿ ಮಾವಿನ ಎಲೆ ಪದರ ಪದರವಾಗಿ ಕೂತಿತ್ತು. ಕೆಳಗಡೆ ತಿರುಗಿಸಿದಾಗ ಒಂದೇ ಒಂದು ಜಲ್ಲಿ ಕಲ್ಲು ಒತ್ತಿದ ಗುರುತು, ಅಲ್ಲಿಂದ ಸುತ್ತಲೂ ನಕ್ಷತ್ರದ ಹಾಗೆ ಬಿರುಕು. ಅದೊಂದು ತುಂಡನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ, ಮನೆ ಕಟ್ಟುವವರಿಗೆ ತೋರಿಸಲು.

ಇಲ್ಲೊಂದು ವಿಷಯ ತಿಳಿದಿರಲಿ. ಪೈಪುಗಳಲ್ಲಿ ಎರಡು ಜಾತಿ. ಸಿಮೆಂಟ್ ಪೈಪ್ ಗಡುಸು, ಮೇಲಿನ ಭಾರವನ್ನು ತಾನೇ ಹೊರುತ್ತದೆ, ಭಾರ ಮೀರಿದರೆ ಒಡೆಯುತ್ತದೆ. ಪ್ಲಾಸ್ಟಿಕ್ ಪೈಪ್ ಸ್ವಲ್ಪ ಬಾಗಿ, ಆ ಭಾರವನ್ನು ಪಕ್ಕದ ಮಣ್ಣಿಗೆ ದಾಟಿಸುತ್ತದೆ. ಅಂದರೆ ಪ್ಲಾಸ್ಟಿಕ್ ಪೈಪಿಗೆ ಪಕ್ಕದ ಮಣ್ಣೇ ಅರ್ಧ ಶಕ್ತಿ. ಆ ಮಣ್ಣು ಸಡಿಲ ಇದ್ದರೆ ಎಷ್ಟು ದುಬಾರಿ ಪೈಪ್ ತಂದರೂ ಅದು ಚಪ್ಪಟೆಯಾಗುತ್ತದೆ.

ಹಂತ 4: ಗುದ್ದಲಿ ಹಿಡಿದು ಮಣ್ಣು ನೋಡಿ

ಪೈಪ್ ಹೋಗುವ ದಾರಿಯಲ್ಲಿ ಎರಡು ಮೂರು ಕಡೆ ಎರಡೂವರೆ ಅಡಿ ಅಗೆದು ನೋಡಿ.

ಕೆಮ್ಮಣ್ಣು ಬಂದರೆ ಒಳ್ಳೇದು. ಹಳೇ ಮೈಸೂರು ಕಡೆ ಬಹಳಷ್ಟು ಇದೇ. ಚೆನ್ನಾಗಿ ದಮ್ಮಸ್ಸು ಕೂರುತ್ತದೆ, ಯಾವ ಪೈಪಾದರೂ ನಡೆಯುತ್ತದೆ.

ಎರೆ ಮಣ್ಣು ಕಷ್ಟದ್ದು. ಧಾರವಾಡದ ಪೂರ್ವಕ್ಕೆ, ಗದಗ, ವಿಜಯಪುರ, ಕಲಬುರಗಿ, ರಾಯಚೂರು ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಪ್ರತಿ ವರ್ಷ ಹೀಗೆ ಎತ್ತಿ ಇಳಿಸುವ ಮಣ್ಣಿನಲ್ಲಿ ಸಿಮೆಂಟ್ ಗಾರೆಯಿಂದ ಬಿಗಿದ ಜಾಯಿಂಟು ಉಳಿಯುವುದಿಲ್ಲ. ಅಲ್ಲಿ ರಬ್ಬರ್ ರಿಂಗ್ ಜಾಯಿಂಟಿನ ಪೈಪನ್ನೇ ತೆಗೆದುಕೊಳ್ಳಿ, ಅದು ಸ್ವಲ್ಪ ಅಲುಗಾಡಿದರೂ ನೀರು ಬಿಡುವುದಿಲ್ಲ. ಮತ್ತೆ ಅಗೆದ ಎರೆ ಮಣ್ಣನ್ನೇ ಪೈಪಿನ ಸುತ್ತ ತುಂಬಬೇಡಿ. ಅದನ್ನು ತೋಟಕ್ಕೆ ಹಾಕಿ, ಪೈಪಿನ ಸುತ್ತ ಗರಸನ್ನೋ ಎಂ-ಸ್ಯಾಂಡನ್ನೋ ತಂದು ತುಂಬಿ. ಅದೊಂದು ಲೋಡಿನ ಖರ್ಚು ಹೊಟ್ಟೆ ಉರಿಸುತ್ತದೆ, ನಿಜ. ಆದರೆ ಎರೆ ಭೂಮಿಯಲ್ಲಿ ಪೈಪಿಗೆ ಮಾಡುವ ಖರ್ಚಿಗಿಂತ ಈ ಖರ್ಚೇ ಮುಖ್ಯ.

ಕರಾವಳಿ, ಮಲೆನಾಡಿನ ಮುರಕಲ್ಲು, ಜಂಬಿಟ್ಟಿಗೆ ನೆಲದಲ್ಲಿ ಕಣಿಯ, ಅಂದರೆ ಪೈಪಿಗೆ ತೋಡಿದ ಕಾಲುವೆಯ, ತಳ ಚೂಪು ಚೂಪಾಗಿರುತ್ತದೆ. ಅಲ್ಲಿ ಪ್ಲಾಸ್ಟಿಕ್ ಪೈಪನ್ನು ನೇರ ಕಲ್ಲಿನ ಮೇಲೆ ಮಲಗಿಸಿದರೆ ಒಂದು ಚೂಪು ಸಾಕು, ನಮ್ಮ ಮನೆಯ ಜಲ್ಲಿ ಕಲ್ಲಿನ ಕಥೆಯೇ ಆಗುತ್ತದೆ. ಕಬ್ಬಿಣದ, ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪನ್ನು ಈ ಒದ್ದೆ ಹುಳಿ ಮಣ್ಣಿನಲ್ಲಿ ಹೂಳಲೇಬೇಡಿ. ಸಮುದ್ರಕ್ಕೆ ಹತ್ತಿರ, ಉಪ್ಪು ನೀರು ಏರಿಳಿಯುವ ಜಾಗವಾದರೆ ಕಂಬಿ ಇರುವ ಸಿಮೆಂಟ್ ಪೈಪಿಗಿಂತ ಗಟ್ಟಿ ಪ್ಲಾಸ್ಟಿಕ್ಕಾದ ಎಚ್‌ಡಿಪಿಇ ಮೇಲು. ಉಪ್ಪು ಒಳಗಿನ ಕಂಬಿಯನ್ನು ತಲುಪಿದರೆ ಅದು ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟನ್ನೇ ಸಿಡಿಸುತ್ತದೆ.

ಇನ್ನು ತುಂಬಿದ ಮಣ್ಣು. ಹಳೇ ಕೆರೆಯಂಗಳದಲ್ಲಿ, ಹೊಂಡಕ್ಕೆ ಕಟ್ಟಡದ ಅವಶೇಷ ಸುರಿದು ಮಾಡಿದ ಬಡಾವಣೆಗಳಲ್ಲಿ ನೆಲ ವರ್ಷಗಟ್ಟಲೆ ಕುಸಿಯುತ್ತಾ ಇರುತ್ತದೆ. ಎರಡೂವರೆ ಮೀಟರಿಗೊಂದು ಜಾಯಿಂಟ್ ಇರುವ ಭಾರದ ಸಿಮೆಂಟ್ ಪೈಪ್ ಅಲ್ಲಿ ಒಂದು ಎತ್ತರ ಒಂದು ತಗ್ಗು ಆಗಿಬಿಡುತ್ತದೆ. ಹಗುರವಾದ, ಆರು ಮೀಟರ್ ಉದ್ದದ ಪ್ಲಾಸ್ಟಿಕ್ ಪೈಪೇ ಅಂಥ ಕಡೆ ಸರಿ.

ಹಂತ 5: ಈಗ ಪೈಪ್ ಆರಿಸಿ

*ಎಸ್‌ಡಬ್ಲ್ಯೂಆರ್ ಪೈಪ್.* ಸಾಯಿಲ್, ವೇಸ್ಟ್, ರೈನ್ ಅನ್ನುವುದರ ಚಿಕ್ಕ ರೂಪ. ಅಂದರೆ ಕಕ್ಕಸು, ಬಚ್ಚಲು, ಮಳೆ ನೀರಿಗೆ ಅಂತ ಮಾಡಿದ ಪಿವಿಸಿ ಪೈಪ್. ಮಾನದಂಡ ಐಎಸ್ 13592. ಇದರಲ್ಲಿ ಟೈಪ್ ಎ ಮತ್ತು ಟೈಪ್ ಬಿ ಎರಡಿವೆ. ಟೈಪ್ ಎ ಇರುವುದು ಗಾಳಿ ಕೊಳವೆಗೆ, ಮಳೆ ನೀರಿಗೆ. ಟೈಪ್ ಬಿ ಕಕ್ಕಸು ಬಚ್ಚಲಿನ ನೀರಿಗೆ. "ಮಳೆ ನೀರಿಗೆ ಅಂತಲೇ ಬರೆದಿದೆಯಲ್ಲ" ಅಂತ ಟೈಪ್ ಎ ತಂದು ನೆಲದಲ್ಲಿ ಹೂಳುತ್ತಾರೆ. ಅದೇ ತಪ್ಪು. 110 ಮಿ.ಮೀ. ಪೈಪಿನಲ್ಲಿ ಟೈಪ್ ಎ ಗೋಡೆಯ ದಪ್ಪ ಕನಿಷ್ಠ 2.2 ಮಿ.ಮೀ., ಟೈಪ್ ಬಿ 3.2 ಮಿ.ಮೀ. ಒಂದು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಆದರೆ ಪೈಪ್ ಚಪ್ಪಟೆಯಾಗದಂತೆ ತಡೆಯುವ ಶಕ್ತಿ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ, ಹಾಗಾಗಿ ಟೈಪ್ ಬಿ ಸುಮಾರು ಮೂರು ಪಟ್ಟು ಗಟ್ಟಿ. ಗೋಡೆಗೆ ಕ್ಲ್ಯಾಂಪ್ ಹಾಕಿ ಇಳಿಸುವ ಪೈಪಿಗೆ ಟೈಪ್ ಎ ಸಾಕು. ಜನ ಮಾತ್ರ ಓಡಾಡುವ ನೆಲಕ್ಕೆ ಟೈಪ್ ಬಿ. ಕಾರು ಹತ್ತುವ ಜಾಗಕ್ಕೆ ಎರಡೂ ಬೇಡ.

*ನೆಲದಡಿಯ ಪಿವಿಸಿ ಪೈಪ್.* ಐಎಸ್ 15328. ಇದು ಹೂಳುವುದಕ್ಕೆ ಅಂತಲೇ ಮಾಡಿದ್ದು. ಇದರ ಮೇಲೆ ಎಸ್‌ಎನ್2, ಎಸ್‌ಎನ್4, ಎಸ್‌ಎನ್8 ಅಂತ ಬರೆದಿರುತ್ತದೆ. ಎಸ್‌ಎನ್ ಅಂದರೆ ಹೊರಗಿನ ಭಾರಕ್ಕೆ ಪೈಪ್ ಎಷ್ಟು ಬಾಗದೆ ನಿಲ್ಲುತ್ತದೆ ಅನ್ನುವ ಅಳತೆ. 8 ಅಂದರೆ 4ರ ಎರಡರಷ್ಟು ಗಟ್ಟಿ. ತೋಟ, ಅಂಗಳಕ್ಕೆ ಎಸ್‌ಎನ್4, ಕಾರು ನಿಲ್ಲುವ ಕಡೆ ಎಸ್‌ಎನ್8. ಸಾಮಾನ್ಯ ಮನೆಗೆ ನಾನು ಮೊದಲು ಹೇಳುವುದು ಇದನ್ನೇ.

ಇಲ್ಲಿ ಬಹಳ ಜನ ಎಡವುತ್ತಾರೆ. ತೋಟಕ್ಕೆ ನೀರು ಹಾಯಿಸುವ "4 ಕೆಜಿ", "6 ಕೆಜಿ" ಪೈಪನ್ನು ಚರಂಡಿಗೂ ಹಾಕಿಸುತ್ತಾರೆ. ಆ ಕೆಜಿ ಪೈಪಿನ ಒಳಗಿನ ನೀರಿನ ಒತ್ತಡದ ಲೆಕ್ಕ, ಒಂದು ಚದರ ಸೆಂಟಿಮೀಟರಿಗೆ ಎಷ್ಟು ಕೆಜಿ ಅಂತ. ಮಳೆ ನೀರಿನ ಪೈಪಿನೊಳಗೆ ಒತ್ತಡವೇ ಇರುವುದಿಲ್ಲ. ನಮಗೆ ಬೇಕಾದದ್ದು ಹೊರಗಿನ ಭಾರದ ಲೆಕ್ಕ, ಅದನ್ನು ಎಸ್‌ಎನ್ ಹೇಳುತ್ತದೆ, ಕೆಜಿ ಹೇಳುವುದಿಲ್ಲ.

*ಡಿಡಬ್ಲ್ಯೂಸಿ ಪೈಪ್.* ಎರಡು ಪದರದ ಎಚ್‌ಡಿಪಿಇ. ಹೊರಗೆ ಬಳೆ ಬಳೆಯಾಗಿ ಏರಿಳಿತ, ಒಳಗೆ ನುಣುಪು. ಆ ಬಳೆಗಳಿಂದಲೇ ಕಡಿಮೆ ತೂಕದಲ್ಲಿ ಗಟ್ಟಿತನ ಬರುತ್ತದೆ. ಮಾನದಂಡ ಐಎಸ್ 16098, ಭಾಗ 2. ಇಲ್ಲೂ ಎಸ್‌ಎನ್4, ಎಸ್‌ಎನ್8 ಇರುತ್ತದೆ. ದೊಡ್ಡ ಅಳತೆ ಬೇಕಾದಾಗ, ಅಂದರೆ ಎಂಟು ಹತ್ತು ಇಂಚಿನಿಂದ ಮೇಲೆ, ಬಡಾವಣೆಗೆ, ಶಾಲೆ ಮೈದಾನಕ್ಕೆ, ಎಸ್ಟೇಟಿಗೆ ಇದು ಬಹಳ ಅನುಕೂಲ. ಇಬ್ಬರು ಹೆಗಲ ಮೇಲೆ ಹೊತ್ತುಕೊಂಡು ಹೋಗಬಹುದು. ಲಾರಿ ಹೋಗದ ಮಲೆನಾಡಿನ ಮನೆಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಎಚ್ಚರಿಕೆ: ನೋಡಲು ಥೇಟ್ ಇದರಂತೆಯೇ ಇರುವ ಪೈಪ್ ಕೇಬಲ್ ಹಾಕಲು ಬರುತ್ತದೆ, ಅದರ ಮಾನದಂಡ ಐಎಸ್ 14930. ರಸ್ತೆ ಬದಿಯಲ್ಲಿ ಕಿತ್ತಳೆ, ಕೆಂಪು ಬಣ್ಣದಲ್ಲಿ ಸುರುಳಿ ಸುತ್ತಿಟ್ಟಿರುವುದನ್ನು ನೋಡಿರುತ್ತೀರಿ. ಅಗ್ಗಕ್ಕೆ ಸಿಕ್ಕಿತು ಅಂತ ಅದನ್ನು ಚರಂಡಿಗೆ ತರಬೇಡಿ. ಅದರ ಜಾಯಿಂಟು ಇರುವುದು ಕೇಬಲ್‌ಗೆ, ಚರಂಡಿ ನೀರಿಗಲ್ಲ.

*ಹ್ಯೂಮ್ ಪೈಪ್.* ನಾವು ಸಿಮೆಂಟ್ ಪೈಪ್, ಮೋರಿ ಪೈಪ್ ಅನ್ನುವುದು. ಐಎಸ್ 458. ಎನ್‌ಪಿ2 ಹಗುರ ಓಡಾಟಕ್ಕೆ, ಎನ್‌ಪಿ3 ಮಧ್ಯಮಕ್ಕೆ, ಎನ್‌ಪಿ4 ಭಾರೀ ವಾಹನಕ್ಕೆ. ಎನ್‌ಪಿ ಅಂದರೆ ಒಳಗೆ ಒತ್ತಡ ಇಲ್ಲದ ಪೈಪ್. ಎನ್‌ಪಿ1ರಲ್ಲಿ ಕಂಬಿಯೇ ಇರುವುದಿಲ್ಲ, ಗಾಡಿ ಓಡಾಡುವಲ್ಲಿ ಅದರ ಮಾತೇ ಬೇಡ. ಗೇಟಿನ ಮುಂದೆ ರಸ್ತೆ ಚರಂಡಿ ದಾಟಲು, ತೋಟದ ರಸ್ತೆ ಅಡ್ಡ ಹಾಯಿಸಲು, ಟ್ರ್ಯಾಕ್ಟರ್, ಲಾರಿ ಹತ್ತುವ ಕಡೆ ನನ್ನ ಮತ ಇದಕ್ಕೇ, ಎನ್‌ಪಿ3ಕ್ಕಿಂತ ಕಡಿಮೆ ಬೇಡ. ಇನ್ನೊಂದು ಗುಣ ಇದಕ್ಕಿದೆ, ಬೆಂಕಿ ಹತ್ತುವುದಿಲ್ಲ. ಚರಂಡಿ ಬಾಯಲ್ಲಿ ಕಸ, ತರಗೆಲೆ ಗುಡ್ಡೆ ಹಾಕಿ ಸುಡುವ ಅಭ್ಯಾಸ ನಮ್ಮಲ್ಲಿದೆ. ಪ್ಲಾಸ್ಟಿಕ್ ಪೈಪಿನ ಬಾಯಿ ಆಗ ಕರಗಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಇಡೀ ಲೈನು ಪ್ಲಾಸ್ಟಿಕ್ ಇದ್ದರೂ ರಸ್ತೆಗೆ ತೆರೆಯುವ ಕೊನೆಯ ತುಂಡು ಸಿಮೆಂಟಿನದಿರಲಿ.

ತೊಂದರೆ ಏನೆಂದರೆ ತೂಕ. ಒಂದಡಿ ಅಗಲದ, ಎರಡೂವರೆ ಮೀಟರಿನ ಒಂದು ಪೈಪ್ ಇನ್ನೂರು ಕೆಜಿ ಹತ್ತಿರ ಅಥವಾ ಅದಕ್ಕೂ ಮೇಲೆ ತೂಗುತ್ತದೆ. ಲಾರಿಯಿಂದ ಕೆಳಗೆ ಉರುಳಿಸಿ ಬಿಡುತ್ತಾರಲ್ಲ, ಅಲ್ಲೇ ಎಷ್ಟೋ ಪೈಪುಗಳಿಗೆ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಇಳಿಸಿದ ಮೇಲೆ ಪ್ರತಿಯೊಂದನ್ನೂ ಸಣ್ಣ ಸುತ್ತಿಗೆಯಿಂದ ತಟ್ಟಿ ಕೇಳಿ. ಗಂಟೆಯ ಹಾಗೆ ಠಣ್ ಅಂದರೆ ಸರಿ. ಒಡಕು ಮಡಕೆಯ ಹಾಗೆ ಡಬ್ ಅಂದರೆ ವಾಪಸು ಕಳಿಸಿ.

ಉಳಿದವು ಬೇಗ ಹೇಳುತ್ತೇನೆ. ಮೆರುಗಿನ ಜೇಡಿ ಮಣ್ಣಿನ ಪೈಪ್, ಅಂದರೆ ಸ್ಟೋನ್‌ವೇರ್, ರಾಸಾಯನಿಕಕ್ಕೆ ಜಗ್ಗುವುದಿಲ್ಲ. ಆದರೆ ಬೇಗ ಒಡೆಯುತ್ತದೆ, ಗಾರೆ ಜಾಯಿಂಟಿನಲ್ಲಿ ಬೇರು ನುಗ್ಗುತ್ತದೆ, ಮಳೆ ನೀರಿಗೆ ಅದು ಬೇಕಿಲ್ಲ. ಅಂಗಡಿಯ ಕಪ್ಪು ಸುರುಳಿ ಪೈಪ್ ನೀರಾವರಿಗೆ, ಅದನ್ನು ನೇರ ವಾಟಕ್ಕೆ ಕೂರಿಸಲು ಆಗುವುದಿಲ್ಲ. ಹಳೇ ಮನೆಯಲ್ಲಿ ಬೂದು ಬಣ್ಣದ ಎಸಿ ಪೈಪ್, ಅಂದರೆ ಆಸ್ಬೆಸ್ಟಾಸ್ ಸಿಮೆಂಟ್ ಇದ್ದರೆ ಕಟಿಂಗ್ ಮಷೀನ್ ಹಚ್ಚಿ ಕತ್ತರಿಸಬೇಡಿ. ಆ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಒದ್ದೆ ಮಾಡಿ, ಇಡಿಯಾಗಿ ಬಿಚ್ಚಿಸಿ.

ಹಂತ 6: ಅಂಗಡಿಯಲ್ಲಿ ನಿಂತು ಓದಿ

ಪೈಪಿನ ಮೈ ಮೇಲೆ ಬರೆದಿರುವುದನ್ನು ಪೂರ್ತಿ ಓದಿ. ಐಎಸ್‌ಐ ಗುರುತಿನ ಮೇಲೆ ಮಾನದಂಡದ ಸಂಖ್ಯೆ, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಆ ನಂಬರನ್ನು ಮೊಬೈಲಿನ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅದು ಯಾವ ಕಂಪನಿಯದು, ಯಾವ ಸಾಮಾನಿಗೆ ಕೊಟ್ಟದ್ದು, ಇನ್ನೂ ಚಾಲ್ತಿಯಲ್ಲಿದೆಯಾ ಅಂತ ತೋರಿಸುತ್ತದೆ. ಎರಡು ನಿಮಿಷದ ಕೆಲಸ. ಅಂಗಡಿಯವರು ಏನಂದುಕೊಳ್ಳುತ್ತಾರೋ ಅಂತ ಸಂಕೋಚ ಪಡಬೇಡಿ.

"ಐಎಸ್‌ಐ ಇಲ್ಲ, ಆದ್ರೆ ಕ್ವಾಲಿಟಿ ಅದೇ ಸಾರ್" ಅಂತ ಲೋಕಲ್ ಪೈಪ್ ತೋರಿಸಿದರೆ ಬೇಡ ಅನ್ನಿ. ಅದರಲ್ಲಿ ಎಷ್ಟು ಹಳೇ ಪ್ಲಾಸ್ಟಿಕ್, ಎಷ್ಟು ಸುಣ್ಣದ ಪುಡಿ ಸೇರಿದೆ ಅಂತ ನಮಗೆ ಗೊತ್ತಾಗುವುದಿಲ್ಲ. ಬಿಸಿಲಿನಲ್ಲಿ ವರ್ಷಗಟ್ಟಲೆ ಬಿದ್ದು ಬಿಳಿಚಿಕೊಂಡ ಪೈಪೂ ಬೇಡ, ಪಿವಿಸಿ ಬಿಸಿಲಿಗೆ ಪೆಡಸಾಗುತ್ತದೆ. ಬಿಲ್ಲಿನ ಮೇಲೆ ಬರೀ "ಪಿವಿಸಿ ಪೈಪ್ 6 ಇಂಚು" ಅಂತ ಬರೆಸಬೇಡಿ. ಐಎಸ್ ಸಂಖ್ಯೆ, ಎಸ್‌ಎನ್ ಅಥವಾ ಎನ್‌ಪಿ ದರ್ಜೆ ಬರೆಸಿ. ಗುತ್ತಿಗೆದಾರರಿಗೆ ಕೊಟ್ಟ ಕೆಲಸವಾದರೆ ಕರಾರಿನಲ್ಲೇ ಇದು ಬರಲಿ.

ಹಂತ 7: ಹೂಳುವುದು

ಇದನ್ನು ಓದದೆ ಬಿಟ್ಟರೆ ಮೇಲಿನ ಆರು ಹಂತವೂ ಸುಮ್ನೆ ದಂಡ.

ಕಣಿಯ ಅಗಲ ಪೈಪಿಗಿಂತ ಒಂದಡಿ ಜಾಸ್ತಿ ಇರಲಿ, ಪಕ್ಕದಲ್ಲಿ ಕಾಲಿಟ್ಟು ತುಳಿಯಲು ಜಾಗ ಬೇಕು. ತಳದಲ್ಲಿ ನಾಲ್ಕಿಂಚು ಮರಳು ಅಥವಾ ಎಂ-ಸ್ಯಾಂಡ್ ಹಾಸಿ. ವಾಟ ಪೈಪಿನಲ್ಲಿ ಅಲ್ಲ, ಈ ಹಾಸಿನಲ್ಲೇ ಬರಬೇಕು. ಇಟ್ಟಿಗೆ ಚೂರು, ಕಲ್ಲು ಕೊಟ್ಟು ಪೈಪ್ ಎತ್ತಿ ವಾಟ ಮಾಡುತ್ತಾರೆ, ಅದನ್ನು ಮಾಡಲು ಬಿಡಲೇಬೇಡಿ. ಆ ಇಟ್ಟಿಗೆ ಮೇಲೆ ಪೈಪ್ ಸೇತುವೆಯ ಹಾಗೆ ನಿಂತು ಮಧ್ಯೆ ಜೋಲುತ್ತದೆ, ಜೋಲಿದ ಕಡೆ ಹೂಳು ಕೂರುತ್ತದೆ. ಸಾಕೆಟ್, ಅಂದರೆ ಇನ್ನೊಂದು ಪೈಪ್ ಸೇರುವ ಅಗಲ ಬಾಯಿ, ಬರುವ ಕಡೆ ಮರಳಿನಲ್ಲಿ ಸಣ್ಣ ಗುಳಿ ತೋಡಿದರೆ ಪೈಪ್ ಉದ್ದಕ್ಕೂ ಸಮ ಕೂರುತ್ತದೆ. ರಸಮಟ್ಟ ಉದ್ದನೆ ಲೈನಿಗೆ ಸಾಲದು, ಟ್ಯೂಬ್‌ನಿಂದ ನೋಡಿ. ಎಂಟು ಅಡಿಗೆ ಒಂದಿಂಚು ಇಳಿದರೆ ಹೆಚ್ಚುಕಡಿಮೆ ನಮ್ಮ 100ಕ್ಕೆ 1 ಸಿಕ್ಕಂತೆ.

ಇನ್ನು ಪೈಪಿನ ಕಂಕುಳು. ದುಂಡಗಿನ ಪೈಪ್ ಮರಳಿನ ಮೇಲೆ ಕೂತಾಗ ಹೊಟ್ಟೆಯ ಕೆಳಗೆ ಎರಡೂ ಬದಿಗೆ ಸಂದಿ ಉಳಿಯುತ್ತದಲ್ಲ, ಅದು. ಮಣ್ಣು ಮೇಲಿನಿಂದ ಸುರಿದರೆ ಅಲ್ಲಿಗೆ ಹೋಗುವುದೇ ಇಲ್ಲ. ಕೈಯಿಂದ ಮರಳು ತುರುಕಿ, ಒಂದು ಮರದ ತುಂಡಿನಿಂದ ಎರಡೂ ಕಡೆ ಸಮವಾಗಿ ಕುಟ್ಟಬೇಕು. ನಂತರ ಅರ್ಧ ಅಡಿಗೊಂದು ಪದರ ಹಾಕಿ ದಮ್ಮಸ್ಸು ಮಾಡುತ್ತಾ ಬನ್ನಿ. ಪೈಪಿನ ಮೇಲೆ ಒಂದಡಿ ಮಣ್ಣು ಬರುವ ತನಕ ಕಲ್ಲಿಲ್ಲದ ಮಣ್ಣೇ ಇರಲಿ, ಮಷೀನ್ ಬೇಡ, ಕೈಯಲ್ಲೇ ಕುಟ್ಟಿಸಿ. ಜೆಸಿಬಿಯಿಂದ ಒಂದೇ ಸಲ ಎಳೆದು ಮುಚ್ಚುವುದು ಬೇಗ ಆಗುತ್ತದೆ, ಪೈಪ್ ಚಪ್ಪಟೆಯಾಗುವುದೂ ಅಷ್ಟೇ ಬೇಗ.

ಗಾಡಿ ಓಡಾಡುವ ಕಡೆ ಪೈಪಿನ ಮೇಲೆ ಮೂರಡಿ ಮಣ್ಣು ಇರಲಿ, ತೋಟದಲ್ಲಿ ಒಂದೂವರೆ ಎರಡು ಅಡಿ. ಅಷ್ಟು ಆಳ ಸಿಗದಿದ್ದರೆ ಆ ತುಂಡಿಗೆ ಮಾತ್ರ ಸುತ್ತಲೂ ನಾಲ್ಕಿಂಚಿನಿಂದ ಆರಿಂಚು ಕಾಂಕ್ರೀಟ್ ಹಾಕಿಸಿ.

ಮಳೆಗಾಲದ ನಡುವೆ ಕೆಲಸ ಮಾಡುವವರಿಗೆ ಒಂದು ಎಚ್ಚರಿಕೆ. ಬಾಯಿ ಮುಚ್ಚಿದ ಖಾಲಿ ಪೈಪ್ ತೇಲುತ್ತದೆ. ಕಣಿಯಲ್ಲಿ ನೀರು ತುಂಬಿದರೆ 160 ಮಿ.ಮೀ. ಪೈಪನ್ನು ಮೀಟರಿಗೆ 20 ಕೆಜಿಯಷ್ಟು ಬಲ ಮೇಲಕ್ಕೆ ಎತ್ತುತ್ತದೆ. ಸಂಜೆ ಹಾಕಿದ ಲೈನು ಬೆಳಗ್ಗೆ ಹಾವಿನ ಹಾಗೆ ಮೇಲೆ ಬಂದಿರುತ್ತದೆ. ಅವತ್ತು ಹಾಕಿದಷ್ಟನ್ನು ಅವತ್ತೇ ಮಣ್ಣು ಕೊಟ್ಟು ಮುಗಿಸಿ.

ಹಂತ 8: ಜಾಯಿಂಟು, ಚೇಂಬರು

ರಬ್ಬರ್ ರಿಂಗಿಗೆ ಗ್ರೀಸು, ಎಂಜಿನ್ ಆಯಿಲ್ ಹಚ್ಚಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ. ಸೋಪಿನ ನೀರು ಸಾಕು. ಪೈಪ್ ಎಷ್ಟು ಒಳಗೆ ಹೋಗಬೇಕು ಅಂತ ಮೊದಲೇ ಪೆನ್ಸಿಲಿನಲ್ಲಿ ಗೆರೆ ಎಳೆದು, ಪೂರ್ತಿ ತಳ್ಳಿ, ಆಮೇಲೆ ಒಂದು ಸೆಂಟಿಮೀಟರ್ ಹಿಂದಕ್ಕೆ ಎಳೆಯಿರಿ. ಬಿಸಿಲಿಗೆ ಆರು ಮೀಟರಿನ ಪಿವಿಸಿ ಪೈಪ್ ಏಳೆಂಟು ಮಿಲಿಮೀಟರ್ ಉದ್ದವಾಗುವುದುಂಟು, ಅದಕ್ಕೆ ಜಾಗ ಬೇಕು. ಸಲ್ಯೂಷನ್ ಹಚ್ಚುವ ಜಾಯಿಂಟಾದರೆ ಒದ್ದೆ, ಮಣ್ಣು ಒರೆಸಿ ಹಚ್ಚಿ.

ಲೈನು ತಿರುಗುವ ಕಡೆಯೆಲ್ಲ ಒಂದು ಚೇಂಬರ್, ಅಂದರೆ ಮುಚ್ಚಳ ಇರುವ ಸಣ್ಣ ತೊಟ್ಟಿ, ಇರಲಿ. ನೆಲದೊಳಗೆ 90 ಡಿಗ್ರಿ ಎಲ್ಬೋ ಹಾಕಿ ಮುಚ್ಚಿಬಿಟ್ಟರೆ ಕಟ್ಟಿಕೊಂಡಾಗ ನೆಲ ಒಡೆಯುವುದೊಂದೇ ದಾರಿ. ಚೇಂಬರಿನ ತಳ ಪೈಪಿಗಿಂತ ಅರ್ಧ ಅಡಿ ಕೆಳಗಿದ್ದರೆ ಹೂಳು ಅಲ್ಲೇ ಕೂರುತ್ತದೆ, ವರ್ಷಕ್ಕೊಮ್ಮೆ ಬಾಚಿ ತೆಗೆಯಬಹುದು. ಹೊರಗಿನ ಬಾಯಿಗೆ ಬಿಚ್ಚಲು ಬರುವ ಜಾಲರಿ ಹಾಕಿ. ಹೆಗ್ಗಣ ಒಳಗೆ ಸೇರಿದರೆ ಸಡಿಲ ಜಾಯಿಂಟಿನ ಸುತ್ತ ಬಿಲ ತೋಡಿ ನೀವು ಹಾಸಿದ ಮರಳನ್ನೇ ಖಾಲಿ ಮಾಡುತ್ತದೆ.

ಹಂತ 9: ನೆಲ ಮುಚ್ಚುವ ಮುಂಚೆ ಕನ್ನಡಿ ಹಿಡಿಯಿರಿ

ಮಣ್ಣು ತುಂಬಿದ ಮೇಲೆ, ಟೈಲ್ಸ್, ಕಾಂಕ್ರೀಟ್ ಹಾಕುವ ಮುಂಚೆ ಇದನ್ನು ಮಾಡಿ. ಒಂದು ಚೇಂಬರಿನಲ್ಲಿ ಟಾರ್ಚ್ ಹಚ್ಚಿ ಪೈಪಿನ ಬಾಯಿಗೆ ಇಡಿ. ಇನ್ನೊಂದು ಚೇಂಬರಿನಲ್ಲಿ ಸಣ್ಣ ಕನ್ನಡಿಯನ್ನು ಓರೆ ಹಿಡಿದು ನೋಡಿ. ಬೆಳಕು ಪೂರ್ತಿ ದುಂಡಗೆ ಕಂಡರೆ ಪೈಪ್ ನೆಟ್ಟಗಿದೆ. ಅರ್ಧ ಚಂದ್ರನ ಹಾಗೆ ಕಂಡರೆ ನಡುವೆ ಎಲ್ಲೋ ಜೋಲಿದೆ ಅಥವಾ ಎದ್ದಿದೆ. ಮೊಟ್ಟೆಯ ಹಾಗೆ ಅಡ್ಡಡ್ಡ ಕಂಡರೆ ಕಂಕುಳಿಗೆ ಮರಳು ಹೋಗಿಲ್ಲ. ಪ್ಲಾಸ್ಟಿಕ್ ಪೈಪ್ ನೂರಕ್ಕೆ ಐದರಷ್ಟು ಚಪ್ಪಟೆಯಾಗುವ ತನಕ ಸಾಮಾನ್ಯವಾಗಿ ಒಪ್ಪುತ್ತಾರೆ, 160ಕ್ಕೆ ಅದು 8 ಮಿ.ಮೀ. ಅದಕ್ಕಿಂತ ಜಾಸ್ತಿ ಅನ್ನಿಸಿದರೆ ಆ ತುಂಡು ತೆಗೆಸಿ ಮತ್ತೆ ಹಾಕಿಸಿ. ಇವತ್ತು ಆದರೆ ಬರೀ ಮಣ್ಣು ತೆಗೆಯಬೇಕು, ನಾಳೆಯಾದರೆ ಟೈಲ್ಸೂ ಒಡೆಯಬೇಕು.

ಕನ್ನಡಿಯಲ್ಲಿ ಸರಿ ಬಂದ ಮೇಲೆ ಮೇಲಿನ ಚೇಂಬರಿಗೆ ನಾಲ್ಕು ಬಕೆಟ್ ನೀರನ್ನು ಒಟ್ಟಿಗೆ ಸುರಿದು ಕೆಳಗೆ ಎಷ್ಟು ಬೇಗ ಬರುತ್ತದೆ ನೋಡಿ. ಕಣಿ ತೆರೆದಿದ್ದಾಗಲೇ ಟೇಪು ಇಟ್ಟು, ಗೋಡೆಯಿಂದ ಎಷ್ಟು ದೂರ, ಎಷ್ಟು ಆಳ ಅಂತ ಕಾಣುವ ಹಾಗೆ ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ಕಂಬ ನೆಡುವಾಗ, ತೆಂಗಿನ ಸಸಿ ಹಾಕುವಾಗ ಬೇಕಾಗುತ್ತದೆ. ಮೊದಲ ಜೋರು ಮಳೆ ಬಂದ ದಿನ ಕೊಡೆ ಹಿಡಿದು ಹೊರಗೆ ಹೋಗಿ ಪ್ರತಿ ಚೇಂಬರಿನ ಮುಚ್ಚಳ ಎತ್ತಿ ನೋಡಿ. ಯಾವ ಚೇಂಬರಿನಲ್ಲಿ ನೀರು ಪೈಪಿನ ಬಾಯಿಗಿಂತ ಮೇಲೆ ನಿಂತಿದೆಯೋ, ಅದರ ಮುಂದಿನ ತುಂಡಿನಲ್ಲಿ ತೊಂದರೆ ಇದೆ.